ತಿರುಗಿಸಬೇಕಾದ ಆಯೇರ

ಬೇಡಕಿಹಾಳದ ಜನ ಜಿಪುಣರೆಂದು ಯಾರಾದರೂ ಅಂದರೆ ಗಿರಿಜವ್ವನೇ ಮೊದಲು ಜಗಳಕ್ಕೆ ನಿಲ್ಲುತ್ತಾಳೆ. ಜಿಪುಣರಲ್ಲ, ಆದರೆ ಇಲ್ಲಿಯವರ ಕೈ ಕಿಸೆಗೆ ಹೋಗಬೇಕಾದರೆ ಮೈಕಿನಲ್ಲಿ ಹೆಸರು ಕೂಗಬೇಕು. ಕೂಗದೆ ಕೇಳಿದರೆ ಚಹಾ ಸಿಗುತ್ತದೆ. ಕಬ್ಬಿನ ಸೀಮೆ, ಚಹಾಕ್ಕೆ ಸಕ್ಕರೆ ಧಾರಾಳ. ಚಹಾ ಮುಗಿಯುವಷ್ಟರಲ್ಲಿ "ನೋಡೂಣಂತ್ರಿ" ಎಂಬ ಮಾತೊಂದು ಬರುತ್ತದೆ, ಅಲ್ಲಿಗೆ ಮುಗಿಯಿತು.

ಮಹಿಳಾ ಸಂಘದ ಅಧ್ಯಕ್ಷೆ ಗಿರಿಜವ್ವ ಮೇ ತಿಂಗಳಿಡೀ ಈ ಚಹಾ ಕುಡಿದಿದ್ದಳು. ಊರಿನ ನಾಲ್ಕು ಬಡ ಮಕ್ಕಳು ಹತ್ತನೆಯದನ್ನು ಒಳ್ಳೆಯ ಅಂಕ ತೆಗೆದು ಪಾಸಾಗಿದ್ದರು. ಅವರನ್ನು ಚಿಕ್ಕೋಡಿಯ ಕಾಲೇಜಿಗೆ ಸೇರಿಸಿ ಅಲ್ಲೇ ಹಾಸ್ಟೆಲ್ಲಿನಲ್ಲಿ ಇರಿಸಬೇಕು, ಅದರ ಖರ್ಚನ್ನು ಊರು ಹೊರಬೇಕು ಎಂಬುದು ಅವಳ ಹಟ. ಸ್ವತಃ ಏಳನೆಯದಕ್ಕೇ ಶಾಲೆ ಬಿಟ್ಟವಳು. ಕಬ್ಬಿನ ಹೊಲ, ಸೊಸೆಯಂದಿರು, ಮೊಮ್ಮಕ್ಕಳು ಎಲ್ಲ ಆದರೂ ಒಳಗಿನ ಆ ಉರಿ ಮಾತ್ರ ತಣ್ಣಗಾಗಿರಲಿಲ್ಲ.

ಬಾಗಿಲು ಬಾಗಿಲು ಅಲೆದು ಸಾಕಾದ ಮೇಲೆ ಅವಳಿಗೊಂದು ಯುಕ್ತಿ ಹೊಳೆಯಿತು. ನೆಟ್ಟಗೆ ವಿರುಪಾಕ್ಷಪ್ಪನ ಮನೆಗೆ ಹೋದಳು. ಊರಿನ ಯಾವ ಮದುವೆಯೇ ಆಗಲಿ, ಮೈಕಿನಲ್ಲಿ ಆಯೇರ ಓದುವವನು ಅವನೇ. ಅವನ ದನಿಯಲ್ಲಿ ಹೆಸರು ಬಂದರೆ ಜಂಪರಿನ ಬಟ್ಟೆ ಕೊಟ್ಟವನಿಗೂ ಜಮೀನು ದಾನ ಮಾಡಿದಷ್ಟು ಎದೆ ಉಬ್ಬುತ್ತದೆ.

"ಅಣ್ಣಾರ, ಮದಿಮಕ್ಕಳಿಲ್ಲದ ಮದಿವಿ ಒಂದು ಮಾಡೂಣು. ಪೆಂಡಾಲ ಹಾಕ್ಸೂಣು, ಹುಗ್ಗಿ ಮಾಡ್ಸೂಣು. ಮದಿಮಕ್ಕಳ ಜಾಗಾದಾಗ ನಾಕು ಹುಡುಗೂರ್ನ ಕುಂಡ್ರಿಸಿ, ನೀವು ಆಯೇರ ಓದ್ರಿ."

ವಿರುಪಾಕ್ಷಪ್ಪ ಮೀಸೆಯ ಮೇಲೆ ಕೈಯಾಡಿಸಿದ. "ವೈನಿ, ನೀವು ಅಧ್ಯಕ್ಷರಾಗಿದ್ದು ಛಲೋ ಆತು ನೋಡ್ರಿ" ಎಂದ.

ಆಯೇರವೆಂದರೆ ಉಡುಗೊರೆ, ನಿಜ. ಆದರೆ ಈ ಕಡೆ ಅದು ತಿರುಗಿ ಬರುವ ಉಡುಗೊರೆ. ಇವತ್ತು ನಿಮ್ಮ ಮನೆಯ ಕಾರ್ಯಕ್ಕೆ ನಾನು ಸೀರೆ ತಂದರೆ, ನಾಳೆ ನನ್ನ ಮನೆಯ ಕಾರ್ಯಕ್ಕೆ ನೀವೂ ಅಂಥದೇ ಸೀರೆ ತರಬೇಕು. ಯಾರೂ ಬರೆದಿಡುವುದಿಲ್ಲ. ಎಲ್ಲವೂ ಹೆಂಗಸರ ನಾಲಗೆಯ ಮೇಲಿರುತ್ತದೆ, ಅಲ್ಲಿಂದ ಅಳಿಸುವ ರಬ್ಬರು ಇನ್ನೂ ಯಾವ ಅಂಗಡಿಗೂ ಬಂದಿಲ್ಲ. ಇದೆಲ್ಲ ಗಿರಿಜವ್ವನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಆ ಹೊತ್ತಿನ ಹುರುಪಿನಲ್ಲಿ ಅವಳು ಕೊಡುವವರ ಬಗ್ಗೆ ಯೋಚಿಸಿದಳೇ ಹೊರತು ತೆಗೆದುಕೊಳ್ಳುವವರ ಬಗ್ಗೆ ಯೋಚಿಸಲಿಲ್ಲ.

ಮೂರು ಮನೆಯವರು ಒಪ್ಪಿದರು. ನಾಲ್ಕನೆಯದು ಕುಲಸುಂಬಿಯ ಮನೆ. ಗಂಡ ಗೌಸಸಾಬ ಕಬ್ಬಿನ ಟ್ರ್ಯಾಕ್ಟರಿನಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಆ ಮನೆ ನಡೆಯುತ್ತಿದ್ದದ್ದು ಅವಳ ಸೂಜಿಯ ಮೇಲೆ. ಊರಿನವರ ಹಳೆಯ ಸೀರೆಗಳನ್ನೆಲ್ಲ ಜೋಡಿಸಿ ಕೌದಿ ಹೊಲಿದುಕೊಡುತ್ತಿದ್ದಳು. ಮಗಳು ಸಾನಿಯಾ ನಾಲ್ವರಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ತೆಗೆದವಳು.

ಗಿರಿಜವ್ವ ಹೋದಾಗ ಕುಲಸುಂಬಿ ಪಡಸಾಲೆಯಲ್ಲಿ ಕೌದಿಯೊಂದರ ಕೊನೆಯ ಮೂಲೆ ಹೊಲಿಯುತ್ತಿದ್ದಳು. ಮೂಲೆ ಮುಚ್ಚುವ ಮೊದಲು ರೊಟ್ಟಿಯ ಚೂರೊಂದನ್ನು ಒಳಗಿಟ್ಟಳು. ಕೌದಿಯ ಹೊಟ್ಟೆ ಖಾಲಿ ಇರಬಾರದು, ಇದ್ದರೆ ಹೊದ್ದವರಿಗೆ ಹಸಿವು ತಪ್ಪುವುದಿಲ್ಲ ಎಂಬ ಮಾತಿದೆ. ಗಿರಿಜವ್ವ ರವಿವಾರದ ಕಾರ್ಯಕ್ರಮದ ಸುದ್ದಿ ಹೇಳಿ ಮುಗಿಸಿದರೂ ಅವಳ ಸೂಜಿ ನಿಲ್ಲಲಿಲ್ಲ.

"ಸಾನಿಯಾ ಬರೂದಿಲ್ರಿ ಅಕ್ಕಾರ."

"ಯಾಕ ಬೇ? ಸೋಮವಾರ ಕಾಲೇಜಿಗೆ ಸೇರಸಾಕ ಕಡೀ ದಿನ ಐತಿ. ಮನೀ ಬಾಗಲಕ್ಕ ಬಂದದ್ದು ಬ್ಯಾಡ ಅಂತೀಯಲ್ಲ."

"ದೊಡ್ಡ ಮಗಳ ಮದಿವ್ಯಾಗ ಊರೆಲ್ಲ ಬಂದು ಆಯೇರ ಮಾಡಿತ್ರಿ. ಅದನ್ನ ಇನ್ನೂ ತಿರುಗಿಸಾಕತ್ತೇನಿ. ಚಂದ್ರಮತಿ ಬಾಯಾರಿಗೆ ಒಂದ ಸೀರಿ ತಿರುಗಿಸೂದು ಉಳಿದೈತಿ. ಹ್ವಾದ ತಿಂಗಳ ಗಿರಣ್ಯಾಗ ಎಲ್ಲಾರ ಮುಂದ ಅಂದ್ರು, ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ ಅಂತ. ಹಿಟ್ಟು ಬೀಸೂತನಕ ತೆಲಿ ತೆಗ್ಗಿಸಿ ನಿಂತಿದ್ದೆ."

"ಇದು ಆಯೇರ ಅಲ್ಲ, ಸಹಾಯ."

"ಮೈಕಿನ್ಯಾಗ ಹೆಸರ ಓದಿದ ಮ್ಯಾಲ ಅದು ಆಯೇರನ ಅಲ್ಲೇನ್ರಿ? ಊರಿಗೆ ಊರನ ನನ್ನ ಮ್ಯಾಲ ಏರಿ ಕುಂತ್ರ ನಾ ಯಾವ ಜನ್ಮಕ್ಕ ತಿರುಗಿಸ್ಲಿ? ನಾಳೆ ಇಕಿ ಡಾಕ್ಟರ್ ಆದ್ರೂ ಗಿರಣ್ಯಾಗ ಅದ ಮಾತು ಇರತೈತಿ."

ಗಿರಿಜವ್ವ ಸಿಟ್ಟಿನಲ್ಲಿ "ಮತ್ತ ಈ ಕೌದಿ ಯಾರಿಗೆ ಹೊಲ್ಯಾಕತ್ತಿ?" ಎಂದು ಬೇರೆಯೇ ಮಾತು ತೆಗೆದಳು.

"ಇಕೀಗಿ. ಹಾಸ್ಟೆಲ್ಲಿಗೆ ಹೋಗ್ತಾಳಂತ ಆಸೆಲೆ ಹಿಡದಿದ್ದೆ. ಅರ್ಧಕ್ಕ ಬಿಡಬಾರ್ದಂತ ಮುಗಸಾಕತ್ತೇನಿ."

ಒಳಗಿನ ಬಾಗಿಲಿನಲ್ಲಿ ಸಾನಿಯಾ ನಿಂತಿದ್ದಳು. "ನನಗ ಹೋಗಬೇಕಂತ ಭಾಳ ಐತ್ರಿ ಅಜ್ಜಿ" ಎಂದಳು ಮೆಲ್ಲಗೆ, "ಆದ್ರ ನಮ್ಮವ್ವ ಹಂಗ ತೆಲಿ ತೆಗ್ಗಿಸಿ ನಿಂದ್ರೂದು ಬ್ಯಾಡ." ಅಷ್ಟು ಹೇಳಿ ಒಳಗೆ ಹೋದಳು. ಗಿರಿಜವ್ವನಿಗೆ ಸಂಕಟವಾಯಿತು. ಬೈಯಲು ಯಾರಾದರೂ ಸಿಕ್ಕಿದ್ದರೆ ಹಗುರಾಗುತ್ತಿತ್ತೇನೋ, ಅಲ್ಲಿ ಯಾರ ತಪ್ಪೂ ಇರಲಿಲ್ಲ.

ಹಾದಿಯಲ್ಲಿ ವಿರುಪಾಕ್ಷಪ್ಪ ಸಿಕ್ಕ. ಸಾನಿಯಾಳ ಆಯೇರವನ್ನಷ್ಟೇ ಓದದೆ ಬಿಟ್ಟರೆ ಹೇಗೆಂದು ಕೇಳಿದಳು.

"ಓದಲಿಲ್ಲಂದ್ರ ಕೊಡೂದಿಲ್ಲ, ಓದಿದ್ರ ಆಕಿ ತಗೊಳ್ಳೂದಿಲ್ಲ" ಎಂದ ಅವನು. "ಎತ್ತು ಏರಿಗೆ, ಕ್ವಾಣ ನೀರಿಗೆ. ನನ್ನ ಕೈಯಾಗ ಮೈಕ್ ಒಂದ ಐತಿ ವೈನಿ, ಮಂತ್ರದ ಕೋಲಿಲ್ಲ."

ರವಿವಾರ ಬಂತು. ಶಾಲೆಯ ಬಯಲಿನ ಪೆಂಡಾಲಿನಲ್ಲಿ ಊರೇ ನೆರೆದಿತ್ತು, ಹಿಂದೆ ಹುಗ್ಗಿ ಕುದಿಯುತ್ತಿತ್ತು. ವೇದಿಕೆಯ ಮೇಲೆ ನಾಲ್ಕು ಖುರ್ಚಿ, ಮೂರರಲ್ಲಿ ಮಕ್ಕಳು. ಕೂಲಿಯವರ ಮಗ ಭೀಮಸಿಯ ತಲೆಗೆ ಯಾರೋ ಕೇಸರಿ ಪಟಗಾ ಸುತ್ತಿದ್ದರು, ಅದು ಕಣ್ಣಿಗೆ ಇಳಿಯುತ್ತಿತ್ತು. ನಾಲ್ಕನೆಯ ಖುರ್ಚಿಯನ್ನು ತೆಗೆಯಲು ಬಂದವನನ್ನು ಗಿರಿಜವ್ವ ಗದರಿಸಿ ಕಳಿಸಿದಳು. ಯಾಕೆಂದು ಕೇಳಿದ್ದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ಚಂದ್ರಮತಿ ಹೊಸ ಸೀರೆಯುಟ್ಟು ತನ್ನ ಹೆಸರಿನ ದಾರಿ ಕಾಯುತ್ತ ಕುಳಿತಿದ್ದಳು.

ವಿರುಪಾಕ್ಷಪ್ಪ ಗಂಟಲು ಸರಿಮಾಡಿಕೊಂಡು ಮೊದಲ ಹೆಸರಿಗೆ ಬಾಯಿ ತೆರೆದಿದ್ದನಷ್ಟೇ, ಪೆಂಡಾಲಿನ ನಡುವಿನಿಂದ ಕುಲಸುಂಬಿ ಬಂದಳು. ತಲೆಯ ಮೇಲೆ ಮಡಿಸಿದ ಕೌದಿ, ಹಿಂದೆ ಸಾನಿಯಾ. ನೇರ ವೇದಿಕೆಗೆ ಹತ್ತಿ ಕೌದಿಯನ್ನು ಮೇಜಿನ ಮೇಲಿಟ್ಟಳು.

"ಯಜಮಾನ್ರ, ಮೊದಲ ನನ್ನ ಹೆಸರ ಓದ್ರಿ. ಊರಿನ ಕಾರ್ಯಾ ಐತಿ, ಊರಿಗೆ ನಾ ಮಾಡೂ ಆಯೇರ ಇದು. ಭೀಮಸಿ ಹೊಚ್ಚಿಗೊಳ್ಳಲಿ."

ಮೈಕು ಹತ್ತಿರವೇ ಇತ್ತು, ಆ ಮಾತು ಹುಗ್ಗಿಯ ಒಲೆಯತನಕ ಕೇಳಿಸಿತು. ವಿರುಪಾಕ್ಷಪ್ಪ ಗಿರಿಜವ್ವನ ಮುಖ ನೋಡಿದ. ಗಿರಿಜವ್ವನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಕುಳಿತಲ್ಲಿಂದ ಎದ್ದು ನಿಂತಳು.

"ಓದ್ರಿ ಅಣ್ಣಾರ" ಎಂದಳು.

"ಕುಲಸುಂಬಿ ಗೌಸಸಾಬ ಇವರಿಂದ," ವಿರುಪಾಕ್ಷಪ್ಪ ಎಂದಿಗಿಂತ ನಿಧಾನವಾಗಿ ಓದಿದ, "ಬೇಡಕಿಹಾಳ ಊರಿಗೆ, ಮೊದಲನೇ ಆಯೇರ, ಒಂದು ಕೌದಿ."

ಲೆಕ್ಕ ಎಲ್ಲರಿಗೂ ಗೊತ್ತಿದ್ದದ್ದೇ. ಆ ಕೌದಿ ಈಗ ಅಲ್ಲಿ ಕುಳಿತ ಪ್ರತಿಯೊಬ್ಬರ ಮೇಲೂ ಏರಿತ್ತು. ತಿರುಗಿಸಬೇಕಾದವರು ಇನ್ನು ಅವರು. ಕುಲಸುಂಬಿ ಮಗಳ ಕೈ ಹಿಡಿದು ನಾಲ್ಕನೆಯ ಖುರ್ಚಿಯಲ್ಲಿ ಕೂರಿಸಿ, ಪಕ್ಕದಲ್ಲಿ ನೆಟ್ಟಗೆ ನಿಂತಳು.

ಮೊದಲು ಎದ್ದವಳು ಚಂದ್ರಮತಿ. ಒಳ್ಳೆಯತನದಿಂದ ಎದ್ದಳೆಂದು ನಾನು ಹೇಳಲಾರೆ. ಇನ್ನೊಬ್ಬರ ಆಯೇರ ತನ್ನ ಮೇಲೆ ನಿಂತಿರುವುದು ಅವಳಿಗೆ ಸಹಿಸಲಾಗುವುದಿಲ್ಲ, ಅಷ್ಟೇ. ಆದರೆ ವೇದಿಕೆ ಹತ್ತುವಾಗ ಅವಳ ಕಣ್ಣು ಕೌದಿಯ ಮೇಲೆ ಬಿತ್ತು. ನಡುವಿನಲ್ಲಿ ನೀಲಿ ಅಂಚಿನ ತುಂಡೊಂದಿತ್ತು, ಅವಳೇ ಎಂದೋ ಹರಿದುಹೋಯಿತೆಂದು ಕೊಟ್ಟ ಸೀರೆಯದು. ಅದನ್ನು ಬೆರಳಿನಿಂದ ಮುಟ್ಟಿದಳು.

"ಸಾನಿಯಾಂದು ಈ ವರ್ಷದ ಊಟದ ಖರ್ಚು ನಂದು, ಬರಕೋರಿ" ಎಂದಳು ದನಿ ತಗ್ಗಿಸಿ. ಆಮೇಲೆ ಕುಲಸುಂಬಿಯ ಕಡೆ ತಿರುಗಿ, "ನೀ ತಿರುಗಿಸೂ ಸೀರಿ ಮಾತು ಮುಗೀತವ್ವಾ" ಎಂದಳು.

ವಿರುಪಾಕ್ಷಪ್ಪ ರೂಢಿಯಂತೆ "ಚಂದ್ರಮತಿ ಬಾಯಿ ಇವರಿಂದ ಆಯೇರ" ಎಂದು ಶುರುಮಾಡಿದ. ಕುಲಸುಂಬಿ ಕೈ ಎತ್ತಿ ತಡೆದಳು.

"ತಿರುಗಿಸಿದ ಆಯೇರ ಅಂತ ಓದ್ರಿ."

ಅವನು ಹಾಗೇ ಓದಿದ. ಆಮೇಲೆ ಸಾಲು ಹತ್ತಿತು. ನಾಲ್ಕೂ ಮಕ್ಕಳ ಹೆಸರಿಗೆ ಹೆಸರುಗಳು ಬಂದವು, ಸಾನಿಯಾಳ ಸರದಿ ಬಂದಾಗಲೆಲ್ಲ ವಿರುಪಾಕ್ಷಪ್ಪ "ತಿರುಗಿಸಿದ" ಎಂಬ ಮಾತನ್ನು ಒತ್ತಿ ಓದಿದ. ಗಿರಿಜವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಹುಗ್ಗಿಯ ಹೊಗೆಯೆಂದು ಪಕ್ಕದವಳಿಗೆ ಹೇಳಿದಳು. ಗಾಳಿ ಆ ದಿಕ್ಕಿಗೆ ಬೀಸುತ್ತಿರಲಿಲ್ಲ.

ಊಟದ ಪಂಕ್ತಿಯಲ್ಲಿ ಗಿರಿಜವ್ವನೇ ಸೌಟು ಹಿಡಿದು ಬಂದಳು. ಇಷ್ಟು ವರ್ಷ ಯಾರ ಮದುವೆಯಲ್ಲೂ ಕುಲಸುಂಬಿ ಎರಡನೆಯ ಸಲ ಬಡಿಸಿಕೊಂಡದ್ದನ್ನು ಅವಳು ಕಂಡಿರಲಿಲ್ಲ. ಬಡಿಸಲು ಬಂದವರಿಗೆ ಎಲೆಯ ಮೇಲೆ ಕೈ ಅಡ್ಡ ಹಿಡಿದು ಸಾಕೆನ್ನುವವಳು. ಈಗಲೂ ಹಾಗೆಯೇ ಅನ್ನುತ್ತಾಳೆಂದು ಗಿರಿಜವ್ವ ಸೌಟನ್ನು ಮುಂದಿನ ಎಲೆಗೆ ಒಯ್ಯುತ್ತಿದ್ದಳು.

"ಅಕ್ಕಾರ, ನಿಂದರ್ರಿ" ಎಂದಳು ಕುಲಸುಂಬಿ. "ಇನ್ನೊಂದೀಟು ಹಾಕ್ರಿ. ಆಯೇರ ಮಾಡೇನಿ, ಹೊಟ್ಟಿ ತುಂಬ ಉಂಡ ಹೋಗ್ತೇನಿ."