ಮುಂದೆ ಮಾಡಿದ ಬಾಗಿಲು

ಬಾಗಿಲ ಕೀಲುಗಳಿಗೆ ಹಾಕಿದ ಎಣ್ಣೆಯ ವಾಸನೆ ಬಂದರೆ ನನಗೆ ಈಗಲೂ ಅಪ್ಪ ನೆನಪಾಗುತ್ತಾರೆ. ರಜೆಯ ದಿನ ಹಳೆಯ ಬಟ್ಟೆಯ ಚೂರನ್ನು ಎಣ್ಣೆಯಲ್ಲಿ ಅದ್ದಿಕೊಂಡು ಮನೆಯ ಬಾಗಿಲುಗಳಿಗೆಲ್ಲ ಹಚ್ಚುತ್ತ ಬರುತ್ತಿದ್ದರು. ಅವರ ಹಿಂದೆ ನಾನು, ನನ್ನ ಹಿಂದೆ ತಂಗಿ.

"ಎಳೆದು ಮುಂದೆ ಮಾಡಿದ ಬಾಗಿಲು ಕಂಡ್ರೆ ಏನು ಮಾಡ್ಬೇಕು?"

"ತಟ್ಟಿ ಕಾಯ್ಬೇಕು!"

"ತಳ್ಳೋರು ಯಾರು?"

"ಕಳ್ಳರು, ಇಲ್ಲಾಂದ್ರೆ ಪೊಲೀಸ್ನೋರು!"

ಅಪ್ಪ ನಕ್ಕು, ಎಣ್ಣೆಯ ಬೆರಳಿನಿಂದ ನಮ್ಮ ಮೂಗಿಗೊಂದು ಚುಕ್ಕೆ ಇಡುತ್ತಿದ್ದರು. ಆ ಪಾಠವನ್ನು ತಂಗಿ ಮರೆಯಲಿಲ್ಲ. ಮರೆತಿದ್ದರೆ ಚೆನ್ನಾಗಿತ್ತು.

ಅವಳ ಮೂತ್ರಪಿಂಡಗಳು ಕೈಕೊಟ್ಟು ವರ್ಷಗಳಾದವು. ನಮ್ಮೂರ ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿನಲ್ಲಿ ಮಲಗಿ ಯಂತ್ರದಿಂದ ರಕ್ತ ಶುದ್ಧ ಮಾಡಿಸಿಕೊಂಡರೆ ಅವಳು ಉಂಟು, ಇಲ್ಲದಿದ್ದರೆ ಇಲ್ಲ. ಉಪ್ಪಂತೂ ಅವಳ ಪಾಲಿಗೆ ವಿಷ. ಆ ವಾರ್ಡನ್ನು ವರ್ಷದ ಕೊನೆಗೆ ಮುಚ್ಚಬೇಕೆಂದು ನಗರಸಭೆ ತೀರ್ಮಾನಿಸಿತು. ಯಂತ್ರವಿರುವ ಇನ್ನೊಂದು ಆಸ್ಪತ್ರೆಗೆ ಬಸ್ಸಿನಲ್ಲಿ ಅರ್ಧ ದಿನದ ದಾರಿ. ಯಂತ್ರದಿಂದ ಎದ್ದ ದಿನ ತಂಗಿಗೆ ಬಚ್ಚಲಿಗೆ ಹೋಗಿಬರುವುದೇ ದೊಡ್ಡ ಪ್ರಯಾಣ.

ಆ ತೀರ್ಮಾನ ಮಾಡಿದ ಸಭೆಗೆ ಅವಳು ಹೋಗಿದ್ದಳು. ನಗರಸಭೆಯ ಸಭೆಯಲ್ಲಿ ಯಾರು ಬೇಕಾದರೂ ಕೂರಬಹುದು, ಆಕ್ಷೇಪವಿದ್ದರೆ ಹೇಳಬಹುದು ಎಂದು ಕಾನೂನಿದೆ. ಆಡಬೇಕಾದ ನಾಲ್ಕು ಮಾತನ್ನು ಅಡುಗೆಮನೆಯಲ್ಲಿ ನನ್ನೆದುರು ಆಡಿ ನೋಡಿಕೊಂಡೇ ಹೊರಟಿದ್ದಳು. ಒಂದೊಂದೇ ಮೆಟ್ಟಿಲು ಹತ್ತಿ ಹೋಗುವಷ್ಟರಲ್ಲಿ ಸಭೆ ಶುರುವಾಗಿ ಬಾಗಿಲು ಮುಂದೆ ಮಾಡಿತ್ತು. ತಟ್ಟಿದಳು. ಕಾದಳು. ಮತ್ತೆ ತಟ್ಟಿದಳು. ಒಳಗೆ ಯಾರೋ ಜೋರಾಗಿ ನಗುತ್ತಿದ್ದರಂತೆ. ಕಾಲು ಊದಿಕೊಂಡು ನಿಲ್ಲಲಾಗದೆ ಮನೆಗೆ ಬಂದಳು.

ಸಭೆಯ ನಡಾವಳಿಯ ಪ್ರತಿ ಕೇಳಿದೆವು. ಇವತ್ತು ಬಾ, ನಾಳೆ ಬಾ ಎಂದು ಅಲೆದಾಡಿಸಿದರು. ಕೋರ್ಟಿಗೆ ಹೋದ ಮೇಲೆ ಕೊಟ್ಟರು. 'ಸಾರ್ವಜನಿಕರು ಯಾರೂ ಹಾಜರಿರಲಿಲ್ಲ. ಆಕ್ಷೇಪಣೆ ಬಂದಿಲ್ಲ' ಎಂದಿತ್ತು.

"ಸಾರ್ವಜನಿಕರು ಅಂದ್ರೆ ನಾನೇ ಕಣೇ ಅಕ್ಕ," ಎಂದಳು ತಂಗಿ. "ನನಗೆ ಇಷ್ಟು ದೊಡ್ಡ ಹೆಸರಿದೆ ಅಂತ ಗೊತ್ತೇ ಇರ್ಲಿಲ್ಲ."

ನಮ್ಮ ವಕೀಲೆ ಚಿಕ್ಕ ವಯಸ್ಸಿನವಳು, ಮಾತಿನ ನಡುವೆ ತಂಗಿಯ ಸೆರಗು ಸರಿಮಾಡುವಷ್ಟು ಒಳ್ಳೆಯವಳು. "ಬಾಗಿಲು ಹಾಕ್ಕೊಂಡು ಸಭೆ ನಡೆಸಿದ್ರು ಅಂತ ತೋರಿಸಿದ್ರೆ ಸಾಕು, ಆಂಟಿ. ತೀರ್ಮಾನ ಬಿದ್ದುಹೋಗುತ್ತೆ," ಎಂದಿದ್ದಳು. ನಮ್ಮ ಜೀವವೆಲ್ಲ ಆ ಒಂದು ಬಾಗಿಲಿಗೆ ಜೋತುಬಿದ್ದಿತ್ತು.

ವಿಚಾರಣೆಯ ದಿನ ತಂಗಿ ಕಟಕಟೆಯ ಅಂಚು ಹಿಡಿದು ನಿಂತಾಗ ನ್ಯಾಯಾಧೀಶರು ತಾವಾಗಿ ಅವಳಿಗೊಂದು ಕುರ್ಚಿ ಹಾಕಿಸಿದರು. ನನ್ನ ಕಣ್ಣು ತುಂಬಿಬಂತು.

"ಬಾಗಿಲಿಗೆ ಚಿಲಕ ಹಾಕಿತ್ತಾ?" ನಗರಸಭೆಯ ವಕೀಲರು ಕೇಳಿದರು.

"ಅದು ಗೊತ್ತಿಲ್ಲ. ಮುಂದೆ ಮಾಡಿತ್ತು."

"ತಳ್ಳಿ ನೋಡಿದ್ರಾ?"

"ಇಲ್ಲ. ತಟ್ಟಿದ ಮೇಲೆ ತಳ್ಳೋದು ಹೇಗೆ? ಒಳಗಿರೋರು ಬನ್ನಿ ಅನ್ನಬೇಕಲ್ಲ?"

ಕೋರ್ಟಿನಲ್ಲಿದ್ದವರು ಕಿಸಕ್ಕೆಂದರು. ವಕೀಲರೂ ನಕ್ಕರು. "ಬೀಗರ ಮನೆಗೆ ಹೋಗಿದ್ರೇನಮ್ಮ, ಬಾಗಿಲಲ್ಲಿ ನಿಂತು ಕರೀಲಿ ಅಂತ ಕಾಯೋಕೆ?"

ಆಮೇಲೆ ನಗರಸಭೆಯ ಜವಾನ ಬಂದ. ಇಸ್ತ್ರಿ ಮಾಡಿದ ಖಾಕಿ ಅಂಗಿ, ಸವೆದ ಚಪ್ಪಲಿ. ಚಿಲಕ ಹಾಕಿರಲಿಲ್ಲ ಎಂದ. ನಮ್ಮ ವಕೀಲೆ ಎದ್ದು, "ಈ ಅಮ್ಮ ತಟ್ಟಿದ್ದು ಕೇಳಿಸ್ಲಿಲ್ವಾ?" ಎಂದಳು.

"ಕಿವಿಗೆ ಬೀಳ್ಲಿಲ್ಲ ಮೇಡಂ. ಒಳಗೆ ಗಲಾಟೆ ಇತ್ತು."

ಅವನು ತಂಗಿಯ ಕಡೆ ನೋಡಲಿಲ್ಲ.

ನ್ಯಾಯಾಧೀಶರು ಅಲ್ಲೇ ಆದೇಶ ಬರೆಸಿದರು. ಚಿಲಕ ಹಾಕದ ಬಾಗಿಲು ಮುಚ್ಚಿದ ಬಾಗಿಲಲ್ಲ, ಅರ್ಜಿದಾರರು ಒಳಗೆ ಹೋಗಬಹುದಿತ್ತು, ಅರ್ಜಿ ವಜಾ. ಬರೆಸುವಾಗ ಅವರ ದನಿ ಮೆತ್ತಗೇ ಇತ್ತು. ಅಷ್ಟು ಮೆತ್ತಗೆ ಅವರು ನನ್ನ ತಂಗಿಯನ್ನು ಸಾವಿನ ಕೈಗೆ ಕೊಟ್ಟರು.

ಹೊರಗೆ ಬಂದು ವರಾಂಡದ ಬೆಂಚಿನ ಮೇಲೆ ಕುಸಿದೆವು. "ಮೇಲಿನ ಕೋರ್ಟಿಗೆ ಹೋಗ್ಬಹುದು. ಆದ್ರೆ ಹೊಸದೇನಾದ್ರೂ ಸಿಗ್ಬೇಕು, ಆಂಟಿ," ಎಂದು ವಕೀಲೆ ಆದೇಶದ ನಕಲಿಗೆಂದು ಹೋದಳು. ಅವಳ ಕಣ್ಣೂ ಕೆಂಪಾಗಿತ್ತು. ನಾನು ಊಟದ ಡಬ್ಬಿ ತೆಗೆದು ತಂಗಿಯ ತೊಡೆಯ ಮೇಲಿಟ್ಟೆ. ಅವಳು ಮುಚ್ಚಳ ತೆಗೆಯಲಿಲ್ಲ.

"ತಳ್ಳಿಬಿಡಬೇಕಿತ್ತು, ಅಲ್ವೇನೇ ಅಕ್ಕ?" ಎಂದಳು.

ಅಷ್ಟರಲ್ಲಿ ಜವಾನ ಬಂದು ನಿಂತ. ಬೆಳಗಿನಿಂದ ಸಾಕ್ಷಿ ಹೇಳಲು ಕಾದು ಅವನ ಮುಖವೂ ಬಾಡಿತ್ತು.

"ತಳ್ಳಿದ್ರೂ ತೆಗೀತಿರ್ಲಿಲ್ಲ, ಅಮ್ಮ," ಎಂದ. "ಚಿಲಕ ಹಾಕಿರ್ಲಿಲ್ಲ, ಅದು ನಿಜ. ನಾನೇ ಒಳಗಡೆ ಸ್ಟೂಲ್ ಹಾಕ್ಕೊಂಡು ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದೆ. ಯಾರನ್ನೂ ಬಿಡಬೇಡ ಅಂದಿದ್ರು. ನೀವು ತಟ್ಟಿದ್ದು ಕಿವಿಗೆ ಬೀಳ್ಲಿಲ್ಲ. ಬೆನ್ನಿಗೆ ಬಿತ್ತು."

ನಾನು ದಡಕ್ಕನೆ ಎದ್ದೆ. "ಇದನ್ನ ಅಲ್ಲಿ ಯಾಕೆ ಹೇಳ್ಲಿಲ್ಲ?"

"ಚಿಲಕದ ಮಾತು ಕೇಳಿದ್ರು, ಕಿವಿಯ ಮಾತು ಕೇಳಿದ್ರು. ಬೆನ್ನಿನ ಮಾತು ಯಾರೂ ಕೇಳ್ಲಿಲ್ಲ."

"ಮೇಲಿನ ಕೋರ್ಟಲ್ಲಿ ಹೇಳ್ತೀಯಾ? ನಿನ್ನ ಕಾಲಿಗೆ ಬೀಳ್ತೀನಿ, ಹೇಳಪ್ಪ."

ಅವನು ಎರಡು ಹೆಜ್ಜೆ ಹಿಂದೆ ಸರಿದ. "ದೊಡ್ಡೋರು, ಹಾಗನ್ನಬೇಡಿ. ಅವರ ಉಪ್ಪು ತಿಂದಿದೀನಿ, ಅಮ್ಮ. ನನ್ನ ಮಕ್ಕಳೂ ಅದೇ ಉಪ್ಪಲ್ಲೇ ಬೆಳೀತಿರೋದು."

"ಹಾಗಾದ್ರೆ ನಮಗೆ ಯಾಕೆ ಹೇಳೋಕೆ ಬಂದೆ? ನಿನ್ನ ಎದೆ ಹಗುರ ಮಾಡ್ಕೊಳ್ಳೋಕಾ?" ನನ್ನ ದನಿ ವರಾಂಡದ ತುಂಬ ಕೇಳಿಸಿತು. ನಾನು ಯಾರನ್ನೂ ಹಾಗೆ ಗದರಿದವಳಲ್ಲ. ಅವನು ಹೋಗಲಿಲ್ಲ. ತಲೆ ತಗ್ಗಿಸಿಕೊಂಡು ಅಲ್ಲೇ ನಿಂತಿದ್ದ.

ತಂಗಿ ಅವನ ಬಾಡಿದ ಮುಖ ನೋಡಿದಳು.

"ಊಟ ಆಯ್ತೇನಪ್ಪ?"

ಅವನು ಇಲ್ಲವೆಂದು ತಲೆಯಾಡಿಸಿದ.

ತಂಗಿ ಡಬ್ಬಿಯನ್ನು ಪಕ್ಕಕ್ಕಿಟ್ಟು, ಬೆಂಚು ಹಿಡಿದು ಮೆಲ್ಲಗೆ ಎದ್ದಳು. ಡಬ್ಬಿಯನ್ನು ಎರಡು ಕೈಯಲ್ಲೂ ಎತ್ತಿ ಅವನ ಮುಂದೆ ಹಿಡಿದಳು.

"ತಗೋ. ಇದ್ರಲ್ಲಿ ಉಪ್ಪಿಲ್ಲ."