ಸೋಮವಾರದ ಮೊಲ

ಶ್ರಾವಣದ ಸೋಮವಾರ. ಅಂತರಘಟ್ಟಮ್ಮ ಸ್ನಾನ ಮುಗಿಸಿ, ದೇವರಿಗೆ ದೀಪ ಹಚ್ಚಿ, ಹಿತ್ತಲಿನಿಂದ ಕಿತ್ತು ತಂದ ಗರಿಕೆಯನ್ನು ಎರಡು ಪಾಲು ಮಾಡಿದಳು. ಒಂದು ಪಾಲು ಗಣಪತಿಗೆ, ಇನ್ನೊಂದು ಅರಳೆಗೆ. ಅರಳೆ ಎಂದರೆ ಸೊಸೆ ಮಮತಾ ಸಾಕಿದ ಮೊಲ. ಹಿಂಜಿಟ್ಟ ಹತ್ತಿಯಂತೆ ಬೆಳ್ಳಗಿದ್ದುದರಿಂದ ಆ ಹೆಸರು. ದಿನವೂ ಗರಿಕೆಯ ವಾಸನೆಗೇ ಓಡಿ ಬಂದು ಕಾಲ ಸುತ್ತ ತಿರುಗುತ್ತಿದ್ದ ಮೊಲ ಅಂದು ಪಡಸಾಲೆಯ ಮೂಲೆಯಲ್ಲಿ, ಗೋಣಿತಾಟಿನ ಮೇಲೆ ಮುದುರಿ ಕೂತೇ ಇತ್ತು. ಗರಿಕೆಯನ್ನು ಮೂತಿಯ ಹತ್ತಿರ ಹಿಡಿದರೆ ಮುಖ ತಿರುಗಿಸಿತು.

"ಯಾಕವ್ವ, ನಿಂದೂ ಒಪ್ಪತ್ತಾ ಇವತ್ತು?" ಎಂದು ಅವಳು ನಕ್ಕಳು.

ಆಡಿದ್ದು ತಮಾಷೆಗೆ. ಆದರೆ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದಿದ್ದ ಪಕ್ಕದ ಮನೆಯ ಲಕ್ಷ್ಮಕ್ಕ ಹೊಸಿಲಲ್ಲೇ ನಿಂತುಬಿಟ್ಟಳು.

"ಅಯ್ಯೋ ಶಿವನೇ! ಮೊಲ ಇರಾದು ಎಲ್ಲಿ? ಚಂದ್ರನ ಮಡಿಲಾಗೆ. ಚಂದ್ರ ಇರಾದು ಎಲ್ಲಿ? ಶಿವನ ತಲೆ ಮ್ಯಾಲೆ. ಇವತ್ತು ಯಾವ ವಾರ?"

"ಸೋಮವಾರ."

"ಮತ್ತೆ!"

ಆ 'ಮತ್ತೆ' ಸಾಕಾಯಿತು. ಅಂತರಘಟ್ಟಮ್ಮ ಓದು ಬರಹ ಕಂಡವಳಲ್ಲ, ಕೇಳಿ ಬೆಳೆದವಳು. ಸವಳಂಗದ ತವರಿನಲ್ಲಿ ಅವಳಪ್ಪ ಗೋಣೆಪ್ಪ ಸಂಜೆಯಾದರೆ ಗುಡಿಯ ಕಟ್ಟೆಯ ಮೇಲೆ ಕೂತು ಪದ್ಯ ಹಾಡಿ ಅರ್ಥ ಹೇಳುತ್ತಿದ್ದ. ಆನೆ ಕೂಗಿ ದೇವರನ್ನು ಕರೆದದ್ದು, ಹದ್ದು ರೆಕ್ಕೆ ಕಡಿಸಿಕೊಂಡೂ ಸ್ವಾಮಿಗಾಗಿ ಕಾದದ್ದು, ಅಳಿಲು ಮೈಯಲ್ಲಿ ಮರಳು ಹೊತ್ತದ್ದು ಎಲ್ಲವೂ ಅವಳ ಕಿವಿಯಲ್ಲಿದ್ದವು. ಅವಕ್ಕಿದ್ದ ಭಕ್ತಿ ಮೊಲಕ್ಕೆ ಯಾಕಿರಬಾರದು?

ಮಧ್ಯಾಹ್ನದ ಹೊತ್ತಿಗೆ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ನೋಡಿ ಹೋದರು. ಯಾರೋ ದಾಸವಾಳ ಇಟ್ಟರು. ಎದುರು ಮನೆಯ ಕಲ್ಲಮ್ಮ ಮೊಲದ ಹಣೆಗೆ ವಿಭೂತಿ ಹಚ್ಚಿ, "ನಮ್ಮನೆಯವ್ರು ಬೆಳಿಗ್ಗೇನೇ ಮಂಡಕ್ಕಿ ಮಿರ್ಚಿ ಹೊಡದು ಬಂದ್ರು. ಕರ್ಕಂಡ್ ಬಂದು ಇದರ ಮುಂದೆ ಕುಂದ್ರಿಸಬೇಕು" ಎಂದಳು. ಮೊಲ ಯಾರಿಗೂ ಹೆದರಿ ಓಡಲಿಲ್ಲ. ಕಣ್ಣು ಅರ್ಧ ಮುಚ್ಚಿಕೊಂಡು ಕೂತಿತ್ತು. ಧ್ಯಾನ, ಎಂದರು.

ಮಮತಾ ಊರಲ್ಲಿರಲಿಲ್ಲ. ಅಕ್ಕನ ಸೀಮಂತಕ್ಕೆಂದು ಜಗಳೂರಿನ ಕಡೆಯ ಸೊಕ್ಕೆಗೆ, ತವರಿಗೆ ಹೋಗಿದ್ದಳು. ಹೊರಡುವಾಗ ಮೊಲವನ್ನು ತಂದು ಅತ್ತೆಯ ಮಡಿಲಿಗಿಟ್ಟು, "ಅತ್ತೆ, ಇದನ್ನ ನಿಮ್ ಕೈಗೆ ಕೊಟ್ಟೀನಿ" ಎಂದಿದ್ದಳು. ಮದುವೆಯಾಗಿ ನ್ಯಾಮತಿಗೆ ಬಂದ ಮೇಲೆ ಅವಳು ಅತ್ತೆಯ ಕೈಗೆ ನಂಬಿ ಕೊಟ್ಟದ್ದು ಅದೇ ಮೊದಲು. ಬೇರೆ ಎಲ್ಲದಕ್ಕೂ ಅವಳ ಕಪಾಟಿಗೆ ಬೀಗವಿತ್ತು.

ಸಂಜೆ ಪೂಜೆ ಮುಗಿಸಿ ಅಂತರಘಟ್ಟಮ್ಮ ಒಪ್ಪತ್ತು ಬಿಟ್ಟಳು. ಪ್ರಸಾದದ ಬಾಳೆಹಣ್ಣಿನ ಚೂರು ಹಿಡಿದರೆ ಮೊಲ ಬಾಯಿ ತೆರೆಯಲಿಲ್ಲ. "ಹೊಟ್ಟೆ ಏನಾರ ಕೆಟ್ಟಿರಬೋದು. ಇರ್ಲಿ, ಲಂಕಣ ಹಾಕಿದ್ರೆ ಸರಿ ಹೋಗ್ತೈತೆ" ಎಂದಳು ಮಗನಿಗೆ. ಆ ಮನೆಯಲ್ಲಿ ಜ್ವರಕ್ಕೂ ಭೇದಿಗೂ ಮೊದಲ ಮದ್ದು ಉಪವಾಸವೇ. ಮಗ ದುರುಗೇಶ ಹೊನ್ನಾಳಿ ರಸ್ತೆಯಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವವನು. ಹುಟ್ಟಿದಾಗಿನಿಂದ ಅದೇ ಮದ್ದಿನಲ್ಲಿ ವಾಸಿಯಾಗುತ್ತ ಬಂದವನು. ತಲೆಯಾಡಿಸಿದ.

ಮರುದಿನ ಬೆಳಿಗ್ಗೆ ಅವಳು ಕಸ ಗುಡಿಸುತ್ತಿದ್ದಾಗ ಒಂದು ಸದ್ದು ಕೇಳಿತು. ಬಹಳ ಸಣ್ಣದು. ಬೀಸುವ ಕಲ್ಲು ಕಾಳಿಲ್ಲದೆ ತಿರುಗಿದಂತೆ. ಪೊರಕೆ ನಿಲ್ಲಿಸಿ ಮೂಲೆಗೆ ಹೋಗಿ ಬಗ್ಗಿದಳು. ಮೊಲ ಹಲ್ಲು ಕಡಿಯುತ್ತಿತ್ತು.

ಅವಳಪ್ಪ ಕೊನೆಗಾಲದಲ್ಲಿ ಹೊಟ್ಟೆನೋವು ತಡೆಯಲಾರದೆ, ಮಕ್ಕಳಿಗೆ ತಿಳಿಯಬಾರದೆಂದು ಗೋಡೆಗೆ ಮುಖ ಮಾಡಿ ಮಲಗಿ, ಹೀಗೇ ಹಲ್ಲು ಕಡಿಯುತ್ತಿದ್ದ. ಎಷ್ಟು ಪದ್ಯ ಹಾಡಿದ ಬಾಯಿ ಅದು. ಆ ಸದ್ದನ್ನು ಅವಳು ಮರೆತಿರಲಿಲ್ಲ. ಮೊಲದ ಕಿವಿ ಮುಟ್ಟಿದಳು, ತಣ್ಣಗಿತ್ತು. ಗೋಣಿತಾಟು ಎತ್ತಿ ನೋಡಿದಳು. ದಿನಾ ಬೆಳಿಗ್ಗೆ ಕಡಲೆಕಾಳಿನಂತೆ ಚೆಲ್ಲಿರುತ್ತಿದ್ದ ಹಿಕ್ಕೆ ಒಂದೂ ಇರಲಿಲ್ಲ. ಹಣೆಯ ವಿಭೂತಿ ಮಾತ್ರ ಹಾಗೇ ಇತ್ತು.

"ದುರುಗೇಶಾ, ಗಾಡಿ ತೆಗಿಯೋ! ಇದಕ್ಕೆ ನೋವಾಗ್ತೈತೆ ಕಣೋ, ನೋವು!"

ಪಶು ಆಸ್ಪತ್ರೆಯ ಮುಂದೆ ಟಗರು ಹಿಡಿದು ನಿಂತಿದ್ದವನೊಬ್ಬ ಅವಳ ಸೆರಗಿನೊಳಗೆ ಇಣುಕಿ ಹಲ್ಲು ಕಿಸಿದ. "ಏನಮ್ಮೋ, ಮೊಲಕ್ಕೂ ಡಾಕ್ಟ್ರಾ? ನಮ್ ಕಡೆ ಮೊಲಕ್ಕೆ ಮಸಾಲೆ ಅರೀತಾರೆ."

"ಟಗರಿಗೂ ಅರೀತಾರಲ್ಲಪ್ಪ. ಮತ್ತೆ ನಿಂದನ್ನ ಇಲ್ಲಿಗ್ಯಾಕೆ ಎಳ್ಕಂಡ್ ಬಂದೆ?" ಎಂದ ದುರುಗೇಶ. ಟಗರಿನವನು ನಕ್ಕು ದಾರಿ ಬಿಟ್ಟ.

ಡಾಕ್ಟರ್ ಪ್ರವೀಣ್ ಕುಮಾರ್ ಮೇಜಿನ ಮೇಲೆ ಟವೆಲ್ ಹಾಸಿ ಮೊಲವನ್ನು ಕೂರಿಸಿದರು. ಹೊಟ್ಟೆಯನ್ನು ಮೆಲ್ಲಗೆ ಅಮುಕಿ ನೋಡಿದರು. ಸ್ಟೆತಾಸ್ಕೋಪನ್ನು ಆ ಪಕ್ಕ ಇಟ್ಟರು, ಈ ಪಕ್ಕ ಇಟ್ಟರು, ಮತ್ತೆ ಆ ಪಕ್ಕ.

"ಯಾವಾಗಿಂದ ತಿಂದಿಲ್ಲ?"

"ನಿನ್ನೆ ಒಪ್ಪತ್ತು ಇತ್ರೀ ಸಾರ್."

"ಯಾರದ್ದು?"

"ಇದರದ್ದೇ ರೀ. ಶ್ರಾವಣ ಸೋಮವಾರ ಅಲ್ವಾ..." ಎಂದು ಶುರು ಮಾಡಿದವಳು ಮೊಲದ ಹಣೆಯ ವಿಭೂತಿಯನ್ನು ಸೆರಗಿನಿಂದ ಒರೆಸಿದಳು.

ಡಾಕ್ಟರು ನಗಲಿಲ್ಲ. ತಮ್ಮ ಕಿವಿಯಲ್ಲಿದ್ದ ಸ್ಟೆತಾಸ್ಕೋಪನ್ನು ತೆಗೆದು ಅವಳ ಕಿವಿಗಿಟ್ಟರು. "ಕೇಳಿ. ಹೊಟ್ಟೇಲಿ ಏನಾದ್ರೂ ಸದ್ದು ಬರ್ತಿದೆಯಾ?"

ಅವಳು ಕಣ್ಣು ಮುಚ್ಚಿ ಕೇಳಿದಳು. ಎಲ್ಲೋ ದೂರದಲ್ಲಿ ಎದೆ ಓಡುತ್ತಿತ್ತು. ಹೊಟ್ಟೆಯಲ್ಲಿ ಮಾತ್ರ ಪಾಳುಬಾವಿಯ ಮೌನ.

"ಏನೂ ಇಲ್ರೀ."

"ಅದೇ ಕಷ್ಟ ಆಗಿರೋದು. ಮೊಲದ ಹೊಟ್ಟೆ ಸುಮ್ನಿರಬಾರದು ಅಮ್ಮ. ಹಗಲೂ ರಾತ್ರಿ ನಡೆಯೋ ಗಿರಣಿ ಅದು. ನಾವು ಉಪವಾಸ ಇದ್ರೆ ಮೈ ಹಗುರಾಗುತ್ತೆ. ಇದು ತಿನ್ನೋದು ಬಿಟ್ರೆ ಗಿರಣಿ ನಿಂತೋಗುತ್ತೆ, ಗಾಳಿ ತುಂಬ್ಕೊಳ್ಳುತ್ತೆ. ಕಕ್ಕೋದಕ್ಕೂ ಬರಲ್ಲ ಇದಕ್ಕೆ. ಒಂದು ದಿನ ತಿನ್ನದಿದ್ರೂ ಜೀವಕ್ಕೆ ಬರುತ್ತೆ."

"ಬದುಕ್ತೈತಾ ಸಾರ್?"

"ಅಡ್ಡ ಏನೂ ಸಿಕ್ಕಿಕೊಂಡ ಹಾಗಿಲ್ಲ. ಗಿರಣಿ ಮತ್ತೆ ತಿರುಗಿಸೋಣ. ಹಿಕ್ಕೆ ಬಿದ್ರೆ ತಿರುಗ್ತು ಅಂತ. ಬೀಳದಿದ್ರೆ..." ಅವರು ಸಿರಿಂಜು ತೆಗೆದರು.

ನೋವಿಗೆ ಒಂದು ಸೂಜಿ ಚುಚ್ಚಿ, ಚರ್ಮದ ಕೆಳಗೆ ಗ್ಲೂಕೋಸಿನ ಬಾಟಲಿಯಂಥದ್ದರಿಂದ ನೀರು ಬಿಟ್ಟರು. ಮೊಲದ ಬೆನ್ನ ಮೇಲೆ ಸಣ್ಣ ಗೂನು ಎದ್ದಿತು. ದನಕ್ಕೆ ಮೇವಾಗಿ ಬೆಳೆಯುವ ಕುದುರೆ ಮಸಾಲೆ ಸೊಪ್ಪನ್ನು ಒಣಗಿಸಿ ಪುಡಿ ಮಾಡಿ, ಉಗುರುಬೆಚ್ಚಗಿನ ನೀರಲ್ಲಿ ಗಂಜಿ ಕಲಸಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ಹನಿಹನಿಯಾಗಿ ಕೊಡಬೇಕು. ಎದುರಿನಿಂದ ಕೊಟ್ಟರೆ ನೆತ್ತಿಗೇರುತ್ತದೆ. ಮೈ ಬೆಚ್ಚಗಿಡಬೇಕು, ಹೊಟ್ಟೆ ಸವರಬೇಕು, ಆಗಾಗ ನಾಲ್ಕು ಹೆಜ್ಜೆ ನಡೆಸಬೇಕು ಎಂದರು. ಅಂತರಘಟ್ಟಮ್ಮ ಒಮ್ಮೆ ಕೇಳಿದಳು. ಪದ್ಯದಂತೆ ಕ್ರಮ ತಪ್ಪದೆ ಕಿವಿಯಲ್ಲಿ ಕೂತಿತು.

ಮನೆಗೆ ಬಂದು ಮೊಲವನ್ನು ಮಗನ ಹಳೇ ಲುಂಗಿಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಳ್ಳುವ ಹೊತ್ತಿಗೆ ಲಕ್ಷ್ಮಕ್ಕ ತೆಂಗಿನಕಾಯಿ ಹಿಡಿದು ಬಂದಳು.

"ಇನ್ನೂ ಬಿಟ್ಟಿಲ್ವೇನೇ ಒಪ್ಪತ್ತು? ಎಂಥಾ ಹಠ ನೋಡು ಇದರದ್ದು!"

"ನಾನೇ ಬಿಡಿಸಾಕೆ ಕುಂತೀನಿ ಲಕ್ಷ್ಮಕ್ಕ."

"ಏಯ್, ಇನ್ನೊಬ್ರ ವ್ರತ ಮುರೀಬಾರ್ದು ಕಣೆ. ಅದ್ರಾಗೂ ಬಾಯಿಲ್ಲದ ಜೀವದ್ದು. ಪಾಪ ಸುತ್ಕಂತೈತೆ."

"ಸುತ್ಕಂಡ್ರೆ ನನ್ಗೇ ಸುತ್ಕಳ್ಳಿ ಬಿಡು." ಅಂತರಘಟ್ಟಮ್ಮನ ದನಿ ಏರಲಿಲ್ಲ. "ನಿನ್ನೆಯಿಂದ ಇದು ಸಾಯ್ತಾ ಕುಂತಿತ್ತು. ನಾವು ಕೈ ಮುಗೀತಿದ್ವಿ."

ಲಕ್ಷ್ಮಕ್ಕ ಕಾಯಿಯನ್ನು ಕೈಯಿಂದ ಕೈಗೆ ಬದಲಿಸಿದಳು. ಆಮೇಲೆ ಅದನ್ನು ಹೊಸಿಲ ಬದಿಗಿಟ್ಟು, "ಬಿಸಿನೀರು ಬೇಕೇನು? ನಮ್ಮ ಒಲೆ ಉರೀತೈತೆ" ಎಂದು ಹೊರಟಳು.

ಮೊದಲ ಸಲ ಮೊಲ ಗಂಜಿಯನ್ನೆಲ್ಲ ಉಗುಳಿತು. ಎರಡನೇ ಸಲ ತಲೆ ಕೊಡವಿತು. ಬೆರಳಿನ ಕೆಳಗೆ ಅದರ ದವಡೆ ತುಸುವೇ ಅಲ್ಲಾಡಿ ನಿಂತುಹೋಗುತ್ತಿತ್ತು. ಅವಳು ಹಿಡಿತ ಸಡಿಲಿಸಿ, ಅಪ್ಪ ಹಾಡುತ್ತಿದ್ದ ಪದ್ಯವೊಂದನ್ನು ಗುನುಗತೊಡಗಿದಳು. ಮೊಲದ ಕಿವಿಯೊಂದು ನಿಧಾನವಾಗಿ ಅವಳತ್ತ ತಿರುಗಿತು. ಒಂದು ಹನಿ ಗಂಟಲಿಗಿಳಿಯಿತು. ಪದ್ಯ ನಿಲ್ಲಿಸಿದರೆ ದವಡೆಯೂ ನಿಂತಿತು. ಅವಳು ಮತ್ತೆ ಶುರು ಮಾಡಿದಳು.

ದುರುಗೇಶ ಫೋನ್ ಮಾಡಿದ್ದರಿಂದ ಮಮತಾ ಬಸ್ಸು ಹಿಡಿದು ಮಧ್ಯಾಹ್ನಕ್ಕೆಲ್ಲ ಬಂದಳು. ಸೀಮಂತದ ಮನೆಯಲ್ಲಿ ಮುಡಿಸಿದ್ದ ಹೂವು ತಲೆಯಲ್ಲಿ ಬಾಡಿತ್ತು. ಬಾಗಿಲಲ್ಲೇ ಬ್ಯಾಗು ಇಳಿಸಿ ನಿಂತಳು.

ಅಂತರಘಟ್ಟಮ್ಮ ತಲೆಯೆತ್ತಲಿಲ್ಲ. "ನಾನೇ ಇದನ್ನ ಉಪವಾಸ ಕೆಡವಿದ್ದು. ಅದಕ್ಕೆ ಏನಂತೀಯೋ ಅನ್ನು. ಆದ್ರೆ ಈಗ್ಲೇ ಅನ್ನಬ್ಯಾಡ, ಪದ್ಯ ತಪ್ಪಿದ್ರೆ ಇದು ನುಂಗಾದಿಲ್ಲ."

ಮಮತಾ ಅತ್ತೆಯನ್ನು ಸರಿಯಾಗಿ ನೋಡಿದಳು. ಸೀರೆಯ ಮೇಲೆ, ಗದ್ದಕ್ಕೆ, ಕನ್ನಡಕದ ಗಾಜಿಗೆ ಹಸಿರು ಗಂಜಿ ಸಿಡಿದು ಒಣಗಿತ್ತು.

"ಕನ್ನಡಕಕ್ಕೂ ಉಣ್ಸೀರಲ್ಲತ್ತೆ" ಎಂದಳು. ಅಷ್ಟು ಹೇಳುವಷ್ಟರಲ್ಲಿ ಅವಳ ಕಣ್ಣು ತುಂಬಿತು. ಬಂದು ಪಕ್ಕದಲ್ಲಿ ಕೂತು, ಲುಂಗಿಯೊಳಗೆ ಕೈ ತೂರಿಸಿ, ಮೊಲದ ಹೊಟ್ಟೆ ಸವರತೊಡಗಿದಳು.

ಅದೇ ಮೊಲ ಅಷ್ಟು ತಿಂಗಳು ಮನೆಯಲ್ಲಿ ಓಡಾಡಿಕೊಂಡಿದ್ದರೂ ಅಂತರಘಟ್ಟಮ್ಮ ಅದನ್ನು ನೋಡಿಯೇ ಇರಲಿಲ್ಲ ಎನ್ನಬೇಕು. ಕಿಟಕಿಯ ಬೆಳಕಿಗೆ ಹಿಡಿದಾಗ ಕಿವಿಯೊಳಗೆ ಎಲೆಯ ನರದಂತೆ ಕವಲೊಡೆದ ರಕ್ತದ ದಾರಿಗಳು ಕಂಡವು. ಅದುರುತ್ತಲೇ ಇದ್ದ ಮೂತಿಗೆ ಒಂದು ಗಳಿಗೆಯೂ ಬಿಡುವಿರಲಿಲ್ಲ; ಸಿರಿಂಜು ಹತ್ತಿರ ಬಂದಾಗ ಮಾತ್ರ ಹೆದರಿಕೆಗೆ ಅದು ನಿಲ್ಲುತ್ತಿತ್ತು. ಇಷ್ಟು ನೋವಿಗೂ ಅಳಲು ಅದಕ್ಕೆ ದನಿ ಕೊಟ್ಟಿಲ್ಲ ದೇವರು. ದನಿಯಿಲ್ಲದ್ದನ್ನು ಕೇಳಿಸಿಕೊಳ್ಳಲು ಇಷ್ಟುದ್ದ ಕಿವಿ ಇರಬೇಕಾದ್ದು ತನಗಲ್ಲವೇ ಎಂದು ಅವಳಿಗೆ ಅನಿಸಿತು.

ಸಂಜೆ, ಸಿರಿಂಜಿನಿಂದ ಸೋರಿದ ಗಂಜಿ ಅವಳ ಮಣಿಕಟ್ಟಿನ ಮೇಲೆ ಹರಿಯಿತು. ಒರೆಸಲೆಂದು ಸೆರಗು ಹುಡುಕುತ್ತಿದ್ದಳು. ಬೆಚ್ಚಗಿನದ್ದು, ಒರಟಾದದ್ದು ಏನೋ ಚರ್ಮಕ್ಕೆ ತಾಕಿತು. ಮೊಲ ಅವಳ ಕೈ ನೆಕ್ಕುತ್ತಿತ್ತು. ಯಾರೂ ಒತ್ತಾಯ ಮಾಡದೆ, ತಾನಾಗಿ. ಅವಳು ಕೈ ಅಲ್ಲಾಡಿಸಲಿಲ್ಲ. ಉಸಿರನ್ನೂ ಹಿಡಿದುಕೊಂಡಳು. ಮಮತಾ ಬಟ್ಟಲಿನ ಗಂಜಿಯನ್ನು ಬೆರಳಲ್ಲಿ ಅದ್ದಿ ಅತ್ತೆಯ ಮಣಿಕಟ್ಟಿಗೆ ಹಚ್ಚಿದಳು. ನೆಕ್ಕಿತು. ಮತ್ತೆ ಹಚ್ಚಿದಳು.

ಸರದಿಯ ಮೇಲೆ ಎಚ್ಚರವಿದ್ದು ಬೆಳಗು ಮಾಡಿದರು. ಕಿಟಕಿ ಬೆಳ್ಳಗಾಗುವಾಗ ಅಂತರಘಟ್ಟಮ್ಮ ನೆಲಕ್ಕೆ ಒರಗಿ ಮೊಲದ ಹೊಟ್ಟೆಗೆ ಬರಿಗಿವಿ ಇಟ್ಟಳು. ಮೊದಲು ಏನೂ ಇಲ್ಲ. ಆಮೇಲೆ, ಬಹಳ ಒಳಗೆ, ಒಣಗಿದ ಕಾಲುವೆಗೆ ಮೇಲಿನಿಂದ ನೀರು ಬಿಟ್ಟಾಗ ಮೊದಲು ಬರುವಂಥ ಸದ್ದು. ಗುಳ್ ಎಂದಿತು. ನಿಂತಿತು. ಮತ್ತೆ ಗುಳುಗುಳು ಎಂದು ಈ ಬದಿಯಿಂದ ಆ ಬದಿಗೆ ಸರಿಯಿತು. ಹುಟ್ಟಿದಾಗಿನಿಂದ ಎಷ್ಟೋ ದೊಡ್ಡವರ ಬಾಯಲ್ಲಿ ಎಷ್ಟೋ ಪದ್ಯ ಕೇಳಿದ್ದಳು ಅವಳು. ಮೈಯೆಲ್ಲ ಹೀಗೆ ಜುಮ್ಮೆಂದದ್ದಿಲ್ಲ.

ಮೊಲ ಎದ್ದು ನಾಲ್ಕು ಹೆಜ್ಜೆ ಕುಪ್ಪಳಿಸಿತು. ಅದು ಹೋದ ದಾರಿಯಲ್ಲಿ ಏನೋ ಬಿದ್ದಿತ್ತು.

"ಮಮತಾ! ಬಾರೆ, ಬೇಗ ಬಾರೆ!"

ಅತ್ತೆ ಸೊಸೆ ಇಬ್ಬರೂ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ನೋಡಿದರು. ಸಣ್ಣವು, ಒಣಗಿದವು, ಕೂದಲೆಳೆಯಲ್ಲಿ ಪೋಣಿಸಿದಂತಿದ್ದವು. ಬಾಯಲ್ಲಿ ಬ್ರಷ್ ಇಟ್ಟುಕೊಂಡು ಬಂದ ದುರುಗೇಶ ಇಬ್ಬರ ತಲೆಯ ಮೇಲಿಂದ ಬಗ್ಗಿದ. "ಏನ್ ಸಿಕ್ತು? ಬಂಗಾರಾನಾ?"

"ಹಿಕ್ಕೆ!"

"ಹಂಗಾರೆ ಓಣಿಗೆಲ್ಲ ಹಂಚ್ರಿ, ಪ್ರಸಾದ ಅಂತ."

"ನಿನ್ ಬಾಯಿಗೆ ಹಾಕ್ತೀನಿ ಮೊದ್ಲು" ಎಂದು ಅಂತರಘಟ್ಟಮ್ಮ ಮಗನ ಕಾಲಿಗೊಂದು ಏಟು ಕೊಟ್ಟಳು. ಕೊಟ್ಟ ಕೈಯಲ್ಲೇ ಕಣ್ಣೊರೆಸಿಕೊಂಡಳು.

ಆಮೇಲಿನ ದಿನಗಳಲ್ಲಿ ಮೊಲ ಕೊತ್ತಂಬರಿ ಕಡ್ಡಿ ಕಚ್ಚಿತು, ಒಣಹುಲ್ಲಿಗೆ ಬಂತು. ಸಿರಿಂಜು ಕಂಡರೆ ಒದೆಯುವಷ್ಟು ಕಸುವೂ ಬಂತು. ಆದರೂ ಡಾಕ್ಟರು ಇನ್ನೂ ಪೂರ್ತಿ ಹುಷಾರು ಎಂದಿರಲಿಲ್ಲ. ಅಂತರಘಟ್ಟಮ್ಮನೂ ಮೂಲೆ ಬಿಟ್ಟು ಏಳಲಿಲ್ಲ.

ಒಂದು ಬೆಳಿಗ್ಗೆ ಅವಳು ದೇವರ ಮುಂದೆ ದೀಪದ ಬತ್ತಿ ಸರಿ ಮಾಡುತ್ತಿದ್ದಾಗ, ಅಲ್ಲೇ ಪಕ್ಕದಲ್ಲಿದ್ದ ಮೊಲ ಸುಮ್ಮನೆ ಬೆನ್ನು ಬಾಗಿಸಿ, ತಲೆಯನ್ನು ತನ್ನ ಹಿಂಗಾಲುಗಳ ನಡುವೆ ಇಳಿಸಿ, ಮೈಯಿಂದ ಹೊರಬಂದ ಮೆತ್ತಗಿನ, ಕಪ್ಪು ದ್ರಾಕ್ಷಿಗೊಂಚಲಿನಂಥದ್ದನ್ನು ನೆಲಕ್ಕೆ ಬೀಳಗೊಡದೆ ಬಾಯಲ್ಲೇ ತೆಗೆದುಕೊಂಡಿತು. ಅವಳು ಬೆಚ್ಚಿ ಹಿಂದೆ ಸರಿದಳು. ದೇವರ ಮುಂದೆ, ಮಡಿಯ ಜಾಗದಲ್ಲಿ! ತಡೆಯಲು ಕೈ ಚಾಚಿದಳು. ಯಾಕೋ ಕೈ ಅಲ್ಲೇ ನಿಂತಿತು. ಮಮತಾಳನ್ನು ಕೂಗಿ ಡಾಕ್ಟರಿಗೆ ಫೋನ್ ಮಾಡಿಸಿದಳು.

"ತಿಂತಾ?" ಸ್ಪೀಕರಿನಲ್ಲಿ ಡಾಕ್ಟರ ದನಿ ಅರಳಿತು. "ತಡೀಲಿಲ್ಲ ತಾನೇ? ಒಳ್ಳೇದಾಯ್ತು. ಅದು ಹಿಕ್ಕೆ ಅಲ್ಲಮ್ಮ. ತಿಂದ ಹುಲ್ಲು ಒಂದು ಸಲಕ್ಕೆ ಪಾಕ ಆಗಲ್ಲ ಅದಕ್ಕೆ. ಒಳಗೆ ಹದ ಮಾಡ್ಕೊಂಡು, ಸತ್ವ ಎಲ್ಲ ಅದರಲ್ಲಿಟ್ಟು, ತಾನೇ ಇನ್ನೊಂದು ಸಲ ಉಣ್ಣುತ್ತೆ. ಕಾಯಿಲೆ ಇದ್ದಾಗ ಬಿಟ್ಟುಬಿಡುತ್ತೆ. ಈಗ ಶುರು ಮಾಡಿದೆ ಅಂದ್ರೆ ಇನ್ನೇನೂ ಭಯ ಇಲ್ಲ."

ಮಮತಾ ಫೋನ್ ಇಟ್ಟು ಅತ್ತೆಯ ಮುಖ ನೋಡಿದಳು. ಅಂತರಘಟ್ಟಮ್ಮ ಅರ್ಧ ಸರಿ ಮಾಡಿದ ಬತ್ತಿಯನ್ನು ಹಿಡಿದುಕೊಂಡೇ ಇದ್ದಳು. ದೀಪದ ಬೆಳಕು ಮೊಲದ ಬೆನ್ನಿನ ಮೇಲಿತ್ತು. ಅದು ಕಣ್ಣು ಅರೆಮುಚ್ಚಿ, ಅವಸರವಿಲ್ಲದೆ ದವಡೆ ಆಡಿಸುತ್ತಿತ್ತು.

"ಈ ಕಡೆ ತಿರುಗೇ" ಎಂದಳು ಸೊಸೆಗೆ, ಮೆಲ್ಲಗೆ. "ಉಣ್ಣೋರನ್ನ ಹಂಗೆ ನೋಡಬಾರ್ದು."

ಇಬ್ಬರೂ ಗೋಡೆಯ ಕಡೆ ಮುಖ ಮಾಡಿ, ಅದು ಉಂಡು ಮುಗಿಸುವವರೆಗೆ ಸುಮ್ಮನೆ ಕೂತರು.