ನಲವತ್ತೊಂದನೆಯ ಬಿಲ್ಲೆ

ಮೇಣದ ಬಿಲ್ಲೆಯಲ್ಲಿ ಹುದುಗಿಸಿಟ್ಟ ಮಾಂಸದ ತುಣುಕನ್ನು ಕೂದಲಿಗಿಂತ ತೆಳ್ಳಗೆ ಕತ್ತರಿಸುವುದರಲ್ಲಿ ನೆಜಾತಳನ್ನು ಮೀರಿಸುವವರು ಟ್ಯುನೀಷಿಯಾದ ಸ್ಫಾಕ್ಸ್ ಪಟ್ಟಣದ ಆ ಪ್ರಯೋಗಾಲಯದಲ್ಲಿರಲಿಲ್ಲ. ಗರ್ಭಕೋಶದ ಕ್ಯಾನ್ಸರ್‌ನ ಅರವತ್ತು ಬಿಲ್ಲೆಗಳು ಬೇರೆ ಬೇರೆ ಊರುಗಳಿಂದ ಬಂದಿದ್ದವು. ಹೆಸರಿಲ್ಲ, ಬರೀ ಸಂಖ್ಯೆ. ಬಣ್ಣ ಹಾಕಿದಾಗ ಕೋಶಗಳೆಲ್ಲ ಕಡುಕಂದಾದರೆ ಆ ಹೆಂಗಸಿಗೆ ಆಯಸ್ಸು ಕಡಿಮೆಯೇ ಎಂಬುದು ಡಾಕ್ಟರ್ ರಫೀಕಾ ಅವರ ಅಧ್ಯಯನ. ನಲವತ್ತೊಂದನೆಯದು ಎಲ್ಲಕ್ಕಿಂತ ಕಡುವಾಗಿ ಬಂದಿತ್ತು. ಬಣ್ಣ ಸರಿಯಾಗಿ ಹಿಡಿದಿದೆಯೇ ಎಂದು ನೋಡಲು ದಿನವೂ ಅದರದೊಂದು ಚೂರನ್ನು ಜೊತೆಗಿಡಬೇಕೆಂದು ಡಾಕ್ಟರು ಗೊತ್ತುಮಾಡಿದ್ದರು. ಎರಡು ತಿಂಗಳಿಂದ ಪ್ರತಿ ಬೆಳಿಗ್ಗೆ ಮೊದಲು ಅದನ್ನೇ ಕತ್ತರಿಸುತ್ತಿದ್ದ ನೆಜಾತಳಿಗೆ ಅದರ ಮೇಲೆ ಅಕ್ಕರೆಯೇ ಹುಟ್ಟಿಬಿಟ್ಟಿತ್ತು.

ಇನ್ನು ಉಳಿದದ್ದು, ಯಾರು ಬದುಕಿದ್ದಾರೆ, ಯಾರಿಲ್ಲ ಎಂದು ಮನೆಯವರನ್ನು ಕೇಳುವ ಕೆಲಸ. ಆಸ್ಪತ್ರೆಗಳು ಕಳಿಸಿದ ಫೋನ್ ನಂಬರುಗಳ ಪಟ್ಟಿ ಹಿಡಿದು ಡಾಕ್ಟರು ಸ್ಪೀಕರ್ ಹಾಕಿ ಫೋನು ಮಾಡುವುದು, ನೆಜಾತ್ ಪಕ್ಕದಲ್ಲಿ ಕೂತು ಬರೆದುಕೊಳ್ಳುವುದು. ನಲವತ್ತೊಂದರ ನಂಬರನ್ನು ಡಾಕ್ಟರು ಗಟ್ಟಿಯಾಗಿ ಓದಿಕೊಂಡು ಒತ್ತುವಾಗ ನೆಜಾತಳ ಪೆನ್ನು ನಿಂತಿತು. ಅದು ಅವಳ ಗಂಡ ಲಮ್ಜೆದನ ನಂಬರು.

ಮೂರು ವರ್ಷದ ಹಿಂದೆ ಟ್ಯೂನಿಸ್‌ನಲ್ಲಿ ಅವಳ ಗರ್ಭಕೋಶ ತೆಗೆದಾಗ ರಿಪೋರ್ಟು ತಂದವನು ಅವನೇ. ಸಾದಾ ಗಡ್ಡೆ ಅಂದಿದ್ದ. ಊರವರ ಚೂರುಗಳನ್ನೆಲ್ಲ ತಿರುವಿಹಾಕುವ ಹೆಂಗಸು ತನ್ನದೊಂದು ಕಾಗದ ತೋರಿಸೆಂದು ಕೇಳಲಿಲ್ಲ. ಹೆದರಿಯೇ ಕೇಳಲಿಲ್ಲ, ಇನ್ನೇನು.

"ಇದಾಳೆ, ದೇವರ ದಯೆ," ಎಂದಿತು ಫೋನಿನಲ್ಲಿ ಅವನ ದನಿ. "ಅವಳಿಗೆ ಗೊತ್ತಿಲ್ಲ ಡಾಕ್ಟ್ರೇ. ಗೊತ್ತಾದ್ರೆ ಅವತ್ತೇ ಕುಸಿದುಹೋಗ್ತಾಳೆ. ಮೂರು ವರ್ಷದಿಂದ ನಾನೊಬ್ನೇ ನುಂಗ್ಕೊಂಡಿದೀನಿ. ನಿಮ್ಮ ಮಕ್ಕಳು ಚೆನ್ನಾಗಿರ್ಲಿ, ಇನ್ಮೇಲೆ ಫೋನ್ ಮಾಡ್ಬೇಡಿ."

ಡಾಕ್ಟರು ಫೋನಿಟ್ಟರು. "ಪಾಪ. ಬರ್ಕೊಂಡ್ರಾ ಅಕ್ಕಾ? ಬದುಕಿದಾಳೆ ಅಂತ."

"ಬರ್ಕೊಂಡೆ."

ಯಾವ ಕಡೆಗೂ ದಾರಿಯಿರಲಿಲ್ಲ. ಬಾಯಿಬಿಟ್ಟರೆ ಗಂಡನ ಮೂರು ವರ್ಷ ಮಣ್ಣುಪಾಲು; ಮುಚ್ಚಿಕೊಂಡರೆ ದಿನಬೆಳಗಾದರೆ ಆ ಬಿಲ್ಲೆ. ಹತ್ತು ನಿಮಿಷ ಬಿಟ್ಟು ಅವಳ ಮೊಬೈಲಿಗೆ ಅವನೇ ಫೋನು ಮಾಡಿ, ಊಟಕ್ಕೆ ಮೀನು ತರಲೇ ಎಂದು ಕೇಳಿದ. ಅವನ ದನಿ ಮೂಗು ಕಟ್ಟಿದಂತಿತ್ತು. ನೆಗಡಿಯೇ ಎಂದಳು. ಸ್ವಲ್ಪ ಎಂದ.

"ಮೀನು ತಗೊಂಬಾ," ಎಂದಳು.

ಮರುದಿನ ಬಿಲ್ಲೆಯನ್ನು ಯಂತ್ರಕ್ಕೆ ಸಿಕ್ಕಿಸಿದಾಗ ಮೊದಲ ಚೂರು ಹರಿದುಹೋಯಿತು. ಹಿಂದೆ ನಿಂತಿದ್ದ ಡಾಕ್ಟರು ಬಗ್ಗಿ ನೋಡಿದರು.

"ಹುಷಾರು ಅಕ್ಕಾ. ಇಂಥದ್ದು ಇನ್ನೊಂದು ಸಿಗಲ್ಲ. ಆದಷ್ಟು ದಿನ ಬರೋ ಹಾಗೆ ನೋಡ್ಕೊಳ್ಳಿ."

ಆಗಲಿ ಎಂದು ನೆಜಾತ್ ಅಲಗನ್ನು ಸರಿಮಾಡಿ, ಎಂದಿಗಿಂತ ತೆಳ್ಳಗೆ ಕತ್ತರಿಸತೊಡಗಿದಳು.